ಸರೋಜಕ್ಕ ಬಿಟ್ಟ ಕಾಯಿ

ಯಾರನ್ನು ಕಂಡರೂ ಮನಸ್ಸಿನಲ್ಲೇ ಗ್ರೇಡ್ ಹಾಕಿಬಿಡುವ ಕೆಟ್ಟ ಚಾಳಿ ನನಗಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬೀಜದ ದರ್ಜೆ ನೋಡುವುದೇ ನನ್ನ ಕೆಲಸ. ತಟ್ಟೆಯಲ್ಲಿ ಹರಡಿದ್ದನ್ನು ನೋಡಿ ಇದು ಎ, ಇದು ಬಿ, ಇದು ಪೀಬೆರಿ, ಇದು ಕಪ್ಪು ಎಂದು ಹೇಳಿ ಹೇಳಿ ಕಣ್ಣಿಗೆ ಬೇರೆ ರೀತಿ ನೋಡುವುದೇ ಮರೆತುಹೋಗಿದೆ. ಮದುವೆಯಾದ ಹೊಸತರಲ್ಲಿ ಹೆಂಡತಿ ನಗುತ್ತಾ, "ನನಗೆ ಯಾವ ಗ್ರೇಡು?" ಎಂದು ಕೇಳಿದಳು. ನಾನು ಪ್ರಾಮಾಣಿಕವಾಗಿ ಯೋಚಿಸಿ "ಎ" ಎಂದೆ. "ಡಬಲ್ ಎ ಯಾಕಲ್ಲ?" ಎಂದವಳು ಎರಡು ದಿನ ಮಾತು ಬಿಟ್ಟಳು. ತಪ್ಪಾದದ್ದು ಉತ್ತರದಲ್ಲಲ್ಲ, ಯೋಚಿಸಿದ್ದರಲ್ಲಿ ಎಂದು ಆಮೇಲೆ ಅವಳ ಅಣ್ಣ ನನಗೆ ಬಿಡಿಸಿ ಹೇಳಿದ.

ಈ ಚಾಳಿ ನನಗೆ ಮುಖಭಂಗ ಮಾಡಿಸಿದ್ದು ಚೌಕಾಬಾರದಲ್ಲಿ. ನಮ್ಮಲ್ಲಿ ಮಧ್ಯಾಹ್ನದ ಬಿಡುವು ಒಂದು ಗಂಟೆ. ಊಟದ ಡಬ್ಬಿ ತೊಳೆದಿಟ್ಟು, ಗೋದಾಮಿನ ಜಗಲಿಯ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ನಾಲ್ಕು ಜನ ಕೂರುತ್ತೇವೆ. ಕವಡೆ ಕಳೆದುಹೋದ ಮೇಲೆ ಕಾಫಿ ಬೀಜವೇ ಕವಡೆ. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಎಷ್ಟು ಬೀಜ ಚಪ್ಪಟೆ ಮೇಲಾಗಿ ಬಿದ್ದವೋ ಅಷ್ಟು ಗರ. ಆ ನಾಲ್ಕು ಬೀಜಗಳನ್ನು ಆರಿಸುವುದಕ್ಕೆ ನಾನು ಇಡೀ ಒಂದು ಬೆಳಗ್ಗೆ ಕಳೆದಿದ್ದೇನೆ. ಒಮ್ಮೆ ನಮ್ಮ ಲಾರಿ ಡ್ರೈವರ್ ಲೋಕೇಶ ಕಣ್ತಪ್ಪಿಸಿ ಅದರಲ್ಲಿ ಒಂದು ಪೀಬೆರಿ ಸೇರಿಸಿಬಿಟ್ಟ. ಪೀಬೆರಿ ಸುತ್ತಲೂ ಉರುಟು, ಚಪ್ಪಟೆ ಮಗ್ಗುಲೇ ಇಲ್ಲ. ಅದರ ಗೀರು ಮೇಲಾದರೆ ಎಣಿಸಬೇಕೋ ಬೇಡವೋ ಎಂದು ಮೂರು ದಿನ ಜಗಳವಾಡಿದೆವು. ಅಂತೂ ಆಟದ ನಿಯಮಕ್ಕೆ ನಾನೇ ಹಿರಿಯ. ಯಾರೂ ನೇಮಿಸಲಿಲ್ಲ ನಿಜ, ಆದರೆ ಬೇಡವೆಂದೂ ಯಾರೂ ಅನ್ನಲಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಪ್ರತಿಯೊಬ್ಬರಿಗೂ ನಾಲ್ಕು ಕಾಯಿ. ಹೊರಗಿನ ಮನೆಗಳನ್ನು ಸುತ್ತಿ, ಒಳಗಿನ ಮನೆಗಳನ್ನು ಸುತ್ತಿ, ನಡುಮನೆ ಸೇರಿದ ಕಾಯಿ ಹಣ್ಣು. ದಾರಿಯಲ್ಲಿ ಇನ್ನೊಬ್ಬರ ಕಾಯಿ ಸಿಕ್ಕರೆ ಕಡಿಯಬಹುದು, ಕಡಿಸಿಕೊಂಡದ್ದು ಮತ್ತೆ ಮೊದಲಿಂದ ಹೊರಡಬೇಕು. ಯಾರ ನಾಲ್ಕೂ ಕಾಯಿ ಮೊದಲು ಹಣ್ಣಾಗುತ್ತವೋ ಅಲ್ಲಿಗೆ ಆಟ ಮುಗಿಯಿತು, ಎಲ್ಲರೂ ಏಳುವುದು.

ಆಡುವವರಿಗೂ ನಾನು ದರ್ಜೆ ಕೊಟ್ಟಿದ್ದೆ. ಮೂಡಿಗೆರೆಯ ಲೋಕೇಶ ಕಡಿಯುವುದಕ್ಕೆಂದೇ ಆಡುವವನು. ಗೆಲುವು ಅವನಿಗೆ ಬೇಕಾಗಿಲ್ಲ, ಒಂದು ಕಾಯಿ ಕಡಿದರೆ ಜಗಲಿ ಅದುರುವಂತೆ ತೊಡೆ ತಟ್ಟಿ, "ಹೋಯ್ತು! ಭಟ್ರ ಕಾಯಿ ವಾಪಸ್ ಊರಿಗೆ!" ಎಂದು ಕೂಗುತ್ತಾನೆ. ಭಟ್ಟರೆಂದರೆ ಕಳಸದ ಕಡೆಯ ಅನಂತ ಭಟ್ಟರು, ನಮ್ಮ ಆಫೀಸಿನ ಗುಮಾಸ್ತರು. ಗುರುತು ಹಾಕಿದ ಮನೆಯಲ್ಲಿ ಕಾಯಿಯನ್ನು ಕಡಿಯುವಂತಿಲ್ಲ ತಾನೇ, ಅವರು ಒಮ್ಮೆ ಅಲ್ಲಿ ಕೂತರೆ ಏಳುವುದಿಲ್ಲ. "ಅವಸರ ಎಂತಕ್ಕೆ ಮಾರಾಯ, ಇಲ್ಲಿ ಭದ್ರ ಉಂಟಲ್ಲ," ಎನ್ನುತ್ತಾರೆ. ಬಿರುಬೇಸಿಗೆಯಲ್ಲೂ ಕೊಡೆ ಹಿಡಿದು ಬರುವ ಮನುಷ್ಯ. ನಾನು? ನಾನು ಆಟಕ್ಕಾಗಿ ಆಡುವವನು, ನಿಷ್ಪಕ್ಷಪಾತಿ. ನನಗೆ ನಾನು ಡಬಲ್ ಎ ಕೊಟ್ಟುಕೊಂಡಿದ್ದೆ.

ತಲೆಬಿಸಿಯಾದದ್ದು ನಾಲ್ಕನೆಯವರಾದ ಸರೋಜಕ್ಕನಿಂದ. ಸಂಸೆಯ ಹೆಣ್ಣು, ಇಲ್ಲಿಗೆ ಮದುವೆಯಾಗಿ ಬಂದವರು. ಬೀಜ ಆರಿಸುವ ಕೋಣೆಯಲ್ಲಿ ಅವರಷ್ಟು ಚುರುಕಿನ ಕೈ ಇನ್ನೊಂದಿಲ್ಲ. ಆದರೆ ಆಟದಲ್ಲಿ ಅವರ ಕಾಯಿ ನಡುಮನೆಯ ಹೊಸ್ತಿಲಿಗೆ ಬಂದು, ಬೇಕಾದ ಗರವೇ ಬಿದ್ದರೂ ಅದನ್ನು ಹಣ್ಣು ಮಾಡುತ್ತಿರಲಿಲ್ಲ. ಅಲ್ಲೇ ಬಿಟ್ಟು, ಎಲ್ಲೋ ಹೊರಗಿದ್ದ ಇನ್ನೊಂದು ಕಾಯಿಯನ್ನು ನಡೆಸುತ್ತಿದ್ದರು. ಅದೂ ಸಾಲದೆ ಗೆಲ್ಲುವ ಹಂತಕ್ಕೆ ಬಂದವರನ್ನು ಹುಡುಕಿ ಕಡಿಯುತ್ತಿದ್ದರು. ಹಾಗೆ ಕಡಿಸಿಕೊಂಡವನು ಹೆಚ್ಚಿನ ದಿನ ನಾನೇ. ಮೊದಲು ಆಟ ಬರುವುದಿಲ್ಲವೆಂದುಕೊಂಡು ಕಲಿಸಿದೆ. ತಲೆಯಾಡಿಸಿ ಮರುದಿನವೂ ಅದನ್ನೇ ಮಾಡಿದರು. ಆಮೇಲೆ ನನ್ನ ಮೇಲೆ ಹಗೆಯಿರಬೇಕೆಂದು ತೀರ್ಮಾನಿಸಿದೆ. ಮಾತಾಡುತ್ತಾ ಆರಿಸಿದರೆ ಕಪ್ಪು ಬೀಜ ಉಳಿಯುತ್ತದೆಂದು, 'ಕೆಲಸದ ವೇಳೆಯಲ್ಲಿ ಮಾತನಾಡಬಾರದು' ಎಂದು ಆ ಕೋಣೆಯಲ್ಲಿ ಚೀಟಿ ಅಂಟಿಸಿದವನು ನಾನೇ. ಅದರ ಸೇಡು ಇದು ಎಂದು ಉರಿದುಕೊಂಡೆ.

ಕೊನೆಗೆ ಜಗಲಿಯ ಗೋಡೆಗೂ ನನ್ನ ಗುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಬಂತು: 'ಹಣ್ಣಾಗುವ ಕಾಯಿಯನ್ನು ಹಣ್ಣು ಮಾಡದೆ ಬಿಟ್ಟವರು ಆ ದಿನದ ಆಟದಿಂದ ಏಳತಕ್ಕದ್ದು.' ಲೋಕೇಶ ಓದಿ, "ಇದೆಂತ ಸಾರ್, ಕೋರ್ಟ್ ಆರ್ಡರಾ?" ಎಂದ. "ನಿಯಮ ಅಂದ್ರೆ ನಿಯಮ. ನಾನು ನನಗಾಗಿ ಹೇಳ್ತಿಲ್ಲ," ಎಂದೆ.

ಅಂದಿನಿಂದ ಸರೋಜಕ್ಕ ನಿಯಮದಂತೆ ಆಡಿದರು. ಅಯ್ಯೋ, ಎಂಥ ಆಟ ಅದು! ಹತ್ತು ನಿಮಿಷದಲ್ಲಿ ನಾಲ್ಕೂ ಕಾಯಿ ಹಣ್ಣು. ಮರುದಿನ ಒಂಬತ್ತು ನಿಮಿಷ. ವಾರವಿಡೀ ಅವರೇ ಗೆದ್ದರು. ಗೆದ್ದ ಕೂಡಲೇ ಆಟ ಮುಗಿಯುತ್ತಿತ್ತಲ್ಲ, ಲೋಕೇಶ ಲಾರಿಯೊಳಗೆ ಮಲಗಲು ಹೋಗುವನು, ಭಟ್ಟರು ಮೊಬೈಲ್ ತೆಗೆಯುವರು, ನಾನು ಸೋತ ಮುಖ ಹೊತ್ತು ಆಫೀಸು ಸೇರುವವನು. ಮೊದಲು ಇಡೀ ಗಂಟೆ ಕೇಳುತ್ತಿದ್ದ ನಗು, ಕೂಗಾಟ, ಭಟ್ಟರ ಕೊಡೆಯ ಮೇಲಿನ ತಮಾಷೆ ಎಲ್ಲ ನಿಂತುಹೋಯಿತು. ನನಗೂ ಊಟ ರುಚಿಸಲಿಲ್ಲ, ಕಾರಣ ಸೋಲೆಂದೇ ಭಾವಿಸಿದ್ದೆ.

ಶನಿವಾರ ಮರೆತು ಬಂದ ಕನ್ನಡಕಕ್ಕಾಗಿ ಜಗಲಿಗೆ ಮರಳಿದೆ. ಮೂಟೆಗಳ ಆಚೆಯಿಂದ ಮಾತು ಕೇಳಿಸಿತು. ಇಣುಕಿದರೆ ಸರೋಜಕ್ಕ ಒಬ್ಬರೇ. ನಾಲ್ಕೂ ಕಡೆಯ ಕಾಯಿಗಳನ್ನು ಹೂಡಿ, ನಾಲ್ವರ ಆಟವನ್ನೂ ತಾವೇ ಆಡುತ್ತಿದ್ದರು. ಬೀಜ ಬೀಸಿ, ದಪ್ಪ ದನಿಯಲ್ಲಿ, "ಹೋಯ್ತು! ಭಟ್ರ ಕಾಯಿ ವಾಪಸ್ ಊರಿಗೆ!" ಎಂದರು. ಮೂಗಿನಲ್ಲಿ, "ಭದ್ರ ಉಂಟಲ್ಲ ಮಾರಾಯ," ಎಂದರು. ಆಮೇಲೆ ಬೆನ್ನು ಸೆಟೆಸಿ, ಗಂಟಲು ಸರಿಮಾಡಿಕೊಂಡು, "ನಿಯಮ ಅಂದ್ರೆ ನಿಯಮ. ನಾನು ನನಗಾಗಿ ಹೇಳ್ತಿಲ್ಲ," ಎಂದರು. ಆ ದನಿ ಯಾರದೆಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಅದು ನನ್ನದೇ.

ನನ್ನನ್ನು ಕಂಡು ಅವರು ಗಾಬರಿಯಿಂದ ಎದ್ದರು. "ತಪ್ಪಾಯ್ತು ಸಾರ್, ಸುಮ್ಮನೆ..." ಎಂದು ಸೆರಗಿನಿಂದ ಮನೆಗಳನ್ನು ಅಳಿಸಹೊರಟರು.

"ಅಳಿಸಬೇಡಿ," ಎಂದೆ. "ಇಷ್ಟು ಚೆನ್ನಾಗಿ ಆಡೋರು ಇಷ್ಟು ದಿನ ಯಾಕೆ ಗೆಲ್ಲಲಿಲ್ಲ?"

"ಗೆದ್ರೆ ಎಲ್ರೂ ಎದ್ದು ಹೋಗ್ತೀರಲ್ಲ ಸಾರ್," ಎಂದರು. "ನಮ್ಮವ್ರಿಗೆ ರಾತ್ರಿ ಪಾಳಿ, ವಾಚ್‌ಮನ್ ಕೆಲಸ. ಅವ್ರು ಬರೋವಾಗ ನಾ ಹೊರಡ್ಬೇಕು, ನಾ ಬರೋವಾಗ ಅವ್ರು. ಬಾಗಿಲಲ್ಲಿ ಬೀಗದ ಕೈ ಕೊಟ್ಟು ತಕೊಳ್ಳೋದೇ ಸಂಸಾರ. ಇಲ್ಲಿ ಕೋಣೇಲಿ ಮಾತಾಡ್ಬಾರ್ದು ಅಂತ ಉಂಟು. ಮತ್ತೆ ಬಾಯಿ ಬಿಡೋದು ಈ ಒಂದು ಗಂಟೆ ಮಾತ್ರ. ಅದಕ್ಕೇ ಯಾರೂ ಬೇಗ ಮುಗಿಸ್ದೆ ಇರ್ಲಿ ಅಂತ ಕಡೀತಿದ್ದೆ. ನೀವು ಮುಗಿಸೋದ್ರಲ್ಲಿ ಜೋರು, ಹಾಗೆ ನಿಮಗೇ ಜಾಸ್ತಿ ಬಿತ್ತು," ಎಂದರು.

ಕನ್ನಡಕ ಎತ್ತಿಕೊಂಡು ಬಂದೆ. ನಾವು ಮೂವರು ಯಾವುದಕ್ಕಾಗಿ ಆಡುತ್ತೇವೆಂದು ಆಕೆಗೆ ಗೊತ್ತಿತ್ತು. ಆಕೆ ಯಾವುದಕ್ಕೆ ಆಡುತ್ತಾರೆಂದು ಮಾತ್ರ ನನಗೆ ಕೇಳಬೇಕೆಂದೇ ತೋಚಲಿಲ್ಲ. ಆ ಮಧ್ಯಾಹ್ನ ಒಂದು ಲಾಟ್ ಬೀಜದ ದರ್ಜೆಯನ್ನೇ ತಪ್ಪಾಗಿ ಬರೆದೆ. ಸೋಮವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಆರಿಸುವ ಕೋಣೆಯ ಚೀಟಿಯನ್ನು ಕಿತ್ತೆ. ಕೇಳಿದವರಿಗೆ ಗೋಡೆಯ ತೇವಕ್ಕೆ ಅಂಟು ಬಿಟ್ಟಿತೆಂದು ಹೇಳಿದೆ. ತಪ್ಪೊಪ್ಪಿಕೊಳ್ಳುವುದರಲ್ಲೂ ನನಗೊಂದು ಅಂತಸ್ತು ಬೇಡವೇ?

ಅಂದು ಮಧ್ಯಾಹ್ನ ನನ್ನ ಎರಡು ಕಾಯಿ ಹಣ್ಣಾಗಿದ್ದವು. ಮೂರನೆಯದು ಹೊಸ್ತಿಲಲ್ಲಿ, ನಾಲ್ಕನೆಯದು ಅದರ ಬೆನ್ನಿಗೇ. ಆಟ ಶುರುವಾಗಿ ಹದಿನೈದು ನಿಮಿಷವೂ ಆಗಿರಲಿಲ್ಲ. ಬೀಜ ಬೀಸಿದೆ. ಒಂದು ಬಿತ್ತು, ಬೇಕಾದದ್ದೂ ಒಂದೇ. ಆಟ ಇನ್ನೇನು ಮುಗಿದಂತೆಯೇ ಎಂದು ಸರೋಜಕ್ಕ ಆಗಲೇ ಡಬ್ಬಿಯ ಚೀಲಕ್ಕೆ ಕೈ ಚಾಚಿದ್ದರು. ನಾನು ಹೊಸ್ತಿಲಿನ ಕಾಯಿಯನ್ನು ಮುಟ್ಟದೆ, ಹಿಂದಿನದನ್ನು ಒಂದು ಮನೆ ಮುಂದಕ್ಕೆ ಸರಿಸಿದೆ. ಅವರ ಕೈ ಚೀಲದ ಮೇಲೇ ನಿಂತಿತು.

ನನ್ನ ತ್ಯಾಗಕ್ಕೆ ನಾನೇ ಮೆಚ್ಚಿಕೊಳ್ಳುವಷ್ಟರಲ್ಲಿ ಲೋಕೇಶ ತೊಡೆ ತಟ್ಟಿದ. "ಸಾರ್! ಹಣ್ಣಾಗೋ ಕಾಯಿ ಬಿಟ್ರಿ!" ಎಂದು ಗೋಡೆಯತ್ತ ಬೆರಳು ತೋರಿಸಿದ. ಆ ಚೀಟಿಯನ್ನು ಕೀಳಲು ನಾನು ಮರೆತಿದ್ದೆ. ಭಟ್ಟರು ಕನ್ನಡಕ ಏರಿಸಿ ನಿಧಾನವಾಗಿ ಓದಿ, "ಏಳತಕ್ಕದ್ದು ಅಂತಲೇ ಉಂಟು," ಎಂದರು. ಎದ್ದೆ. ಬೇರೇನು ಮಾಡಲಿ, ಅಕ್ಷರ ನನ್ನದೇ.

ಕಂಬಕ್ಕೆ ಒರಗಿ ನಿಂತುಕೊಂಡೆ. ನಾನೆದ್ದ ಮೇಲೆ ಚೀಟಿಯತ್ತ ಯಾರೂ ನೋಡಲಿಲ್ಲ. ಆಟ ಬಿಡುವು ಮುಗಿಯುವವರೆಗೂ ನಡೆಯಿತು, ಮೂವರೂ ನಕ್ಕರು, ಕೂಗಾಡಿದರು. ಅಲ್ಲಿ ಕೂತಿರುವುದೇ ದೊಡ್ಡದು, ಗೆಲ್ಲುವುದಲ್ಲ ಎಂದು ಹೊರಗೆ ನಿಂತವನಿಗೆ ಚೆನ್ನಾಗಿ ತಿಳಿಯುತ್ತದೆ. ತಡೆಯಲಾರದೆ, "ಭಟ್ರೇ, ಆ ಕಾಯಿ ಅಲ್ಲ, ಎಡಗಡೇದು..." ಎಂದೆ. ಸರೋಜಕ್ಕ ಬೆನ್ನು ಸೆಟೆಸಿದರು, ಗಂಟಲು ಸರಿಮಾಡಿಕೊಂಡರು. ಆಮೇಲೆ ಎಲ್ಲರ ಮುಂದೆ, ನನ್ನದೇ ದನಿಯಲ್ಲಿ, "ಎದ್ದವರು ಮಾತಾಡ್ಬಾರ್ದು ಸಾರ್. ನಾನು ನನಗಾಗಿ ಹೇಳ್ತಿಲ್ಲ," ಎಂದರು.