ಬುರುಡೆ ಮಾವನ ಬಟಾಣಿ ಬೇರು

ಬುರುಡೆ ಮಾವನ ಬಟಾಣಿ ಬೇರು ಭೂಮಿಯನ್ನು ತೂರಿಕೊಂಡು ಆ ಬದಿಗೆ ಹೊರಬಿದ್ದು, ಅಲ್ಲಿನ ಜನ ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಹಾಗೆಂದು ಹೇಳಿದವನು ಸ್ವತಃ ಮಾವ. ಬೇರನ್ನು ಕಂಡವರು ಯಾರೂ ಇಲ್ಲದ್ದರಿಂದ ಬೀದಿಯವರು ಎದುರಾಡುವಂತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಕೃಷಿ ಕಚೇರಿಯ ಮೇಡಂ ಕೊಟ್ಟ ಒಂದು ಪೊಟ್ಟಣ ಕಪ್ಪು ಪುಡಿ. ಅದರಲ್ಲಿದ್ದ ಸೂಕ್ಷ್ಮಜೀವಿಗಳು ಬೇರಿನಲ್ಲಿ ಗಂಟು ಕಟ್ಟಿಕೊಂಡು, ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವಂತೆ. ಬೀಜಕ್ಕೆ ಪುಡಿ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಬೇಕು. ಬೆಳೆ ಗೆದ್ದರೆ ‘ಮಾದರಿ ತೋಟ’ ಎಂಬ ಫಲಕ. ಮುಂದಿನ ವರ್ಷ ಊರಿಗೆಲ್ಲ ಆ ತೋಟದ್ದೇ ಬೀಜ. ಫಲಕ ನೆಡಲು ಮಾವ ಆಗಲೇ ಗುಂಡಿ ತೋಡಿದ್ದ. ಆನೆ ಬಿದ್ದರೂ ಹುಡುಕಬೇಕಾದಂಥ ಗುಂಡಿ!

ಇವತ್ತು ಮೇಡಂ ಬಂದರು. ಹಿಂದೆಯೇ ಬೀದಿಯೂ ಬಂತು.

“ಎಲೆ ಹಳದಿಯಾಗಿದೆಯಲ್ಲ?”

“ಶಕ್ತಿಯೆಲ್ಲ ಬೇರಿಗಿಳಿದಿದೆ ಮೇಡಂ! ಬೀಜ ಆರೋವರೆಗೂ ರೆಪ್ಪೆ ಮಿಟುಕಿಸದೆ ಕಾವಲು ಕೂತಿದ್ದೆ. ಒಂದೊಂದು ಜೀವೀನೂ ಮಾತಾಡಿಸಿದ್ದೀನಿ.”

“ನಿಮ್ಮ ಮಾತು ಕೇಳಿ ಓಡಿಹೋಗಿರ್ತವೆ, ಮಾವ,” ಎಂದ ಬೇಲಿಯಾಚೆಯ ಟೈಲರ್.

ಮೇಡಂ ಒಂದು ಗಿಡ ಕಿತ್ತರು. ಬೇರು ಆಗತಾನೆ ಬೋಳಿಸಿದ ತಲೆಯಂತೆ ನುಣ್ಣಗಿತ್ತು. ಇನ್ನೊಂದು ಕಿತ್ತರು. ಅದೂ ಬೋಳು.

“ಜನ ಜಾಸ್ತಿಯಾಯ್ತಲ್ಲ, ನಾಚಿಕೊಂಡಿವೆ,” ಎಂದು ಮಾವ ಬೆವರೊರೆಸಿಕೊಂಡ. “ಪುಡಿ ಹಾಕದೋರ ಗತಿ ನೋಡಿ, ಇನ್ನೂ ದರಿದ್ರ!” ಎನ್ನುತ್ತ ಬೇಲಿ ಹಾರಿ, ಟೈಲರನ ಬಟಾಣಿ ಗಿಡವೊಂದನ್ನು ಕಿತ್ತೆತ್ತಿದ.

ಬೇರಿನ ತುಂಬ ಮಣಿ ಪೋಣಿಸಿದಂತೆ ಗಂಟುಗಳು! ಮೇಡಂ ಒಂದನ್ನು ಉಗುರಿನಿಂದ ಸೀಳಿದರು. ಒಳಗೆ ಎಳೆಗೆಂಪು, ಜೀವಿಗಳು ಚೆನ್ನಾಗಿ ಕೆಲಸ ಮಾಡುತ್ತಿರುವ ಗುರುತು.

“ಭೇಷ್! ಏನು ಹಾಕಿದ್ರಿ?”

“ಹೊಲಿಗೆ ಹಾಕೋದು ಬಿಟ್ರೆ ನಾನೇನೂ ಹಾಕಿಲ್ಲ, ಮೇಡಂ.”

ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. “ಬೀಜದ ಮೇಲೆ ಏನೇನೋ ಜೀವಿ ಕೂತಿವೆ ಅಂತ ಇವರೇ ಸಾರಿಕೊಂಡು ಬಂದ್ರು. ಅಸಹ್ಯ ಆಯ್ತಮ್ಮಾ. ಮೂರು ನೀರಲ್ಲಿ ತೊಳೆದಿಟ್ಟೆ. ಆ ಕಪ್ಪು ನೀರು ನಮ್ಮ ಮಣ್ಣಿಗೆ ಯಾಕೆ ಅಂತ ಬೇಲಿ ಆಚೆ ಚೆಲ್ಲಿದೆ.”

“ಆಗ ಇವರು ಕಾವಲು ಕೂತಿದ್ರಲ್ಲ?” ಎಂದರು ಮೇಡಂ.

“ಕೂತಿದ್ರು. ಗೊರಕೆ ಹೊಡೀತಾ.”

ಬೀದಿಯೆಲ್ಲ ಗೊಳ್ಳೆಂದಿತು. ಫಲಕ ಬೇಲಿ ದಾಟಿತು.

“ಮಾವ, ಗುಂಡಿ ತೋಡಿ ಕೈ ಪಳಗಿದೋರು ನೀವು...” ಎಂದು ಟೈಲರ್ ಗುದ್ದಲಿ ಚಾಚಿದ.

ಮಾವ ಗುದ್ದಲಿ ತೆಗೆದುಕೊಂಡು ತೋಡತೊಡಗಿದ. ಪಾಪ, ಈ ಸಲ ಫಲಕಕ್ಕೆ ಬೇಕಾದಷ್ಟೇ ಆಳ. ಮೇಡಂ ಬಗ್ಗಿ ಮೆಲ್ಲಗೆ ಕೇಳಿದರು: “ಬೇರು ಆ ಬದಿಗೆ ಹೊರಬಿದ್ದದ್ದು?”

“ಒಂದು ಗೇಣೂ ಇಳಿದಿಲ್ಲ, ಮೇಡಂ,” ಎಂದ ಮಾವ, ತಲೆಯೆತ್ತದೆ. “ಜೀವಿಗಳನ್ನ ಮಾತಾಡಿಸಿದ್ದೂ ಸುಳ್ಳು. ನಿದ್ದೆ ಮಾತ್ರ... ಸೊಗಸಾಗಿತ್ತು.”