ತುಳಿಯಬಾರದ ಹೊಲ

ಇಷ್ಟೆಲ್ಲ ರಂಪಕ್ಕೆ ಕಾರಣವಾದದ್ದು ಒಂದು ಕಪ್ ಚಹಾ. ಅದೂ ಈ ವರ್ಷದ್ದಲ್ಲ, ಹೋದ ವರ್ಷದ್ದು.

ಘೋಡಗೇರಿಯ ಮಾಲಿಂಗಪ್ಪನ ಎರಡೆಕರೆ ಶೇಂಗಾ ಹೊಲದಲ್ಲಿ ಕಸ ಕೀಳಲು ಯಮನವ್ವ ಹನ್ನೊಂದು ಮಂದಿ ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದಳು. ಮುಂಜಾನೆಯ ಕೆಲಸ ಮುಗಿದು ಚಹಾ ಬಂತು. ಒಂದು ಗುಟುಕು ಕುಡಿದ ಯಮನವ್ವ, "ಯಣ್ಣಾ, ಇದರಾಗ ಸಕ್ಕರಿ ಹಾಕೀರೋ, ಬರೇ ಸಕ್ಕರಿ ಡಬ್ಬಿ ತೋರಿಸಿ ಒಯ್ದೀರೋ?" ಎಂದು ಕೇಳಿದಳು. ಮಾಲಿಂಗಪ್ಪನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ನೀ ಕಸ ತಗ್ಯಾಕ ಬಂದೀಯೇನು, ಚಹಾದ ಪರೀಕ್ಷಾ ಮಾಡಾಕ ಬಂದೀಯೇನು?" ಎಂದುಬಿಟ್ಟ. ಅಷ್ಟೇ. ಹನ್ನೆರಡು ಕುರ್ಪಿಗಳು ಒಟ್ಟಿಗೆ ಮಣ್ಣು ಬಿಟ್ಟೆದ್ದವು. ಹನ್ನೆರಡು ಹೆಂಗಸರು ಬದುವು ದಾಟಿ ಬಾಜೂ ಹೊಲದ ದುಂಡಪ್ಪನ ಶೇಂಗಾದಲ್ಲಿ ಹೋಗಿ ಕುಳಿತರು. ಮುಂದೆ ಎಂಟು ದಿನ ಜಿಟಿಜಿಟಿ ಮಳೆ. ಮಳೆ ನಿಂತಾಗ ಮಾಲಿಂಗಪ್ಪನ ಹೊಲದಲ್ಲಿ ಕಸದ ನಡುವೆ ಶೇಂಗಾವನ್ನು ಹುಡುಕಬೇಕಾಗಿತ್ತು.

ಈ ಅವಮಾನವನ್ನು ಅವನು ವರ್ಷವಿಡೀ ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಿದ. ಈ ಸಲ ಮುಂಗಾರು ಬೀಳುತ್ತಲೇ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ, ಊರ ಮಂದಿಯೆಲ್ಲ ಕೇಳುವ ಹಾಗೆ ಸಾರಿದ: "ಈ ವರ್ಷ ನನ್ನ ಹೊಲದಾಗ ಒಂದು ಕುರ್ಪಿ ಬೀಳಾಂಗಿಲ್ಲ! ಬಿದ್ರ, ನಾನ ಸ್ವತಃ ಒಲಿ ಮುಂದ ಕುಂತು ಚಹಾ ಕಾಸಿ ಆ ಯಮನವ್ವನ ಕೈಯಾಗ ಕೊಡತೇನಿ. ಬೇಕಾದ್ರ ಬರದಿಟ್ಟಕೋರಿ!"

ಅವನ ಈ ಧೈರ್ಯದ ಹಿಂದೆ ಇದ್ದವಳು ಅಕ್ಕನ ಮಗಳು ಐಶ್ವರ್ಯ. ಅರಭಾವಿ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಆ ಹುಡುಗಿ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದಳು. "ಮಾಮಾ, ಕಸ ಹುಟ್ಟಿದ ಮ್ಯಾಲ ಅಲ್ಲ, ಹುಟ್ಟೂಕಿಂತ ಮೊದಲ ಕಸದ ಔಷಧ, ಎಣ್ಣಿ ಹೊಡೀಬೇಕು. ಬಿತ್ತಿದ ಮೂರು ದಿನದೊಳಗ, ಮಣ್ಣು ಹಸಿ ಇದ್ದಾಗ. ಅದು ಮಣ್ಣಿನ ಮ್ಯಾಲ ತೆಳ್ಳಗ ಪದರಿನಂಗ ಕುಂದರತೈತಿ. ನೀವು ಹಿಂದಹಿಂದಕ್ಕ ನಡಕೋತ ಹೊಡೀರಿ. ಹೊಡದಲ್ಲಿ ಯಾರರ ಕಾಲಿಟ್ರ ಪದರ ಒಡದು ಅಲ್ಲಿ ಕಸ ಏಳತೈತಿ, ನೆನಪಿಡ್ರಿ."

"ನನ್ನ ಹೊಲದಾಗ ಯಾವ ಮಗಾ ಕಾಲಿಡತಾನ, ನಾನೂ ನೋಡತೇನಿ!" ಎಂದಿದ್ದ ಮಾಲಿಂಗಪ್ಪ.

ಬಿತ್ತಿದ ಮೊದಲ ದಿನ ಗೋಕಾಕದಿಂದ ಎಣ್ಣೆ ತರುವುದರಲ್ಲಿ ಹೋಯಿತು. ಎರಡನೆಯ ದಿನ ಮೂಡಲಗಿಯಲ್ಲಿ ಪಂಪು ರಿಪೇರಿ ಮಾಡಿಸುವುದರಲ್ಲಿ ಹೋಯಿತು. ಉಳಿದದ್ದು ಮೂರನೆಯ ದಿನ. ಅವತ್ತು ಹೊತ್ತು ಮುಳುಗುವುದರೊಳಗೆ ಹೊಡೆದರೆ ಆಯಿತು, ಇಲ್ಲದಿದ್ದರೆ ಯಮನವ್ವನ ಮನೆ ಬಾಗಿಲು ಇದ್ದೇ ಇದೆ. ಮಾಲಿಂಗಪ್ಪ ಮೂಗಿಗೆ ಟವೆಲ್ ಕಟ್ಟಿ, ಹದಿನಾರು ಲೀಟರಿನ ಪಂಪನ್ನು ಬೆನ್ನಿಗೇರಿಸಿ ನಿಂತ. ಎಡಗಾಲಿನ ಹೆಬ್ಬೆರಳಿಗೆ ಉಗುರುಸುತ್ತಾಗಿ ಹೆಂಡತಿ ಬಾಳವ್ವ ಅರಿವೆ ಸುತ್ತಿದ್ದಳು, ಹಾಗಾಗಿ ಬರಿಗಾಲಲ್ಲಿ ಇಳಿಯುವಂತಿರಲಿಲ್ಲ. ಟಾಯರಿನ ಅಟ್ಟೆಯ ಹಳೆಯ ಚಪ್ಪಲಿ ಮೆಟ್ಟಿಕೊಂಡೇ ಮೇಲಿನ ಬದುವಿನಿಂದ ಹಿಂದಹಿಂದಕ್ಕೆ ನಡೆಯುತ್ತ ಹೊಡೆಯತೊಡಗಿದ.

ಕಾಲು ಭಾಗ ಹೊಲ ಮುಗಿದಿರಬೇಕು. ಬದುವಿನ ಮೇಲೆ ದುಂಡಪ್ಪ ಬಂದು ನಿಂತ. ಕಣ್ಣು ಕಿರಿದು ಮಾಡಿ ಹೊಲವನ್ನೆಲ್ಲ ನೋಡಿದ. ಕರಿ ಮಣ್ಣು ಬಿಟ್ಟರೆ ಏನೂ ಕಾಣಲಿಲ್ಲ.

"ಏ ಮಾಲಿಂಗಪ್ಪಾ, ಏನ್ ಹೊಡ್ಯಾಕತ್ತೀಯೋ?"

"ಕಸದ ಎಣ್ಣಿ."

"ಕಸ ಎಲ್ಲೈತಿ?"

"ಇನ್ನೂ ಹುಟ್ಟಿಲ್ಲ."

ದುಂಡಪ್ಪ ಬಗ್ಗಿ ಮಣ್ಣನ್ನು ಇನ್ನೊಮ್ಮೆ ನೋಡಿದ. "ಹುಟ್ಟದ ಕೂಸಿನ ಹೆಸರು ಸಾಲಿಗೆ ಹಚ್ಚಿ ಬಂದಂಗಾತಲ್ಲೋ ಇದು! ಮತ್ತ ಹಿಂದಕ್ಕ್ಯಾಕ ನಡಿಯಾಕತ್ತೀ? ಹಿಂದ ಕಲ್ಲೈತಿ, ಬೀಳತೀ ನೋಡಲೇ!" ಎನ್ನುತ್ತ, ಹಿಡಿದುಕೊಳ್ಳುವ ಕಾಳಜಿಯಿಂದ ನಾಲ್ಕು ಹೆಜ್ಜೆ ಹೊಲಕ್ಕೆ ಇಳಿದೇಬಿಟ್ಟ.

"ಕಾಲಿಡಬ್ಯಾಡಾ!" ಎಂದು ಮಾಲಿಂಗಪ್ಪ ಕಿರುಚಿದ ದನಿಗೆ ಗಿಡದ ಮೇಲಿನ ಕಾಗೆಗಳೆಲ್ಲ ಎದ್ದವು. ದುಂಡಪ್ಪ ಗಾಬರಿಯಾಗಿ ನಿಂತಲ್ಲೇ ನಿಂತ. ನಿಂತವನನ್ನು ಹೊರಗೆ ಹಾಕಬೇಕಲ್ಲ! ಮಾಲಿಂಗಪ್ಪ ಪಂಪಿನ ಸಮೇತ ಅಡ್ಡಕ್ಕೆ ಓಡಿಬಂದ. ಬೆನ್ನ ಮೇಲೆ ಎಣ್ಣೆ ನೀರು ಡೊಳಕ್ ಡೊಳಕ್ ಎನ್ನುತ್ತಿತ್ತು. ಅರ್ಧ ದಾರಿಯಲ್ಲಿ ಬಲಗಾಲಿನ ಚಪ್ಪಲಿ ಹಸಿ ಮಣ್ಣಿನಲ್ಲಿ ಕಚ್ಚಿಕೊಂಡು ಬಾರು ಕಿತ್ತಿತು. ಅವನು ಅದನ್ನು ಬದುವಿನ ಕಡೆಗೆ ಎಸೆದು, ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ಹಾಗೆಯೇ ಹೋಗಿ ದುಂಡಪ್ಪನ ರಟ್ಟೆ ಹಿಡಿದು ಬದುವಿಗೆ ನೂಕಿದ.

"ಬೀಳತಾನ ಅಂತ ಹಿಡ್ಯಾಕ ಬಂದ್ರ ನನ್ನ ನೂಕತೀ? ನಿನಗೇನೋ ಆಗೇತಿ!" ಎಂದು ಬೈದುಕೊಳ್ಳುತ್ತ ದುಂಡಪ್ಪ ಹೋದ.

ಹೋದವನು ಸುಮ್ಮನೆ ಹೋಗಲಿಲ್ಲ. ಹುಕ್ಕೇರಿ ಬಸ್ಸಿನಿಂದ ಇಳಿದು ಬರುತ್ತಿದ್ದ ವೀರಪ್ಪ ಮಾಸ್ತರರಿಗೆ ಎಲ್ಲವನ್ನೂ ಹೇಳಿದ. ವೀರಪ್ಪ ಮಾಸ್ತರರು ಸಾಲಿಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು, ಆದರೆ ಊರನ್ನು ತಿದ್ದುವ ಕೆಲಸದಿಂದ ಇನ್ನೂ ನಿವೃತ್ತರಾಗಿರಲಿಲ್ಲ. ಅವರು ನೆಟ್ಟಗೆ ಮಾಲಿಂಗಪ್ಪನ ಮನೆಗೇ ಹೋಗಿ, "ಬಾಳವ್ವಾ, ನಿನ್ನ ಗಂಡ ಬರೇ ಮಣ್ಣಿಗೆ ಎಣ್ಣಿ ಹೊಡ್ಯಾಕತ್ತಾನಂತ. ಅದೂ ಹಿಂದಕ್ಕ ನಡಕೋತ. ಹಿಡ್ಯಾಕ ಹ್ವಾದವರನ್ನ ನೂಕಾಕತ್ತಾನಂತ. ಲಗೂನ ಹೋಗವಾ" ಎಂದು ಸಾವಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

ಬಾಳವ್ವ ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ದೇವರ ಅರಿಷಿಣ ಭಂಡಾರದ ಚೀಲ ಹಿಡಿದು ಓಡಿಬಂದಳು. ನೋಡುತ್ತಾಳೆ, ಗಂಡ ಹಿಂದಕ್ಕೇ ನಡೆಯುತ್ತಿದ್ದಾನೆ. ಒಂದೇ ಕಾಲಿಗೆ ಚಪ್ಪಲಿ ಬೇರೆ!

"ಯಾರ ಕಣ್ಣು ಬಿತ್ತೋ ನನ್ನ ಮನಿತನದ ಮ್ಯಾಲ!" ಎಂದು ಅಳುತ್ತ ನೇರವಾಗಿ ಹೊಲದ ನಡುವಿಗೇ ನುಗ್ಗಿದಳು.

"ಏ ಬಾಳವ್ವಾ! ಹಿಂದಕ್ಕ ಸರಿ! ತುಳೀಬ್ಯಾಡಾ!"

"ಏನ್ರೀ, ನೀವು ಹಿಂದಕ್ಕ ನಡಿಯೂದಲ್ಲದ ನನಗೂ ಹಿಂದಕ್ಕ ನಡಿ ಅಂತೀರಿ? ಮೊದಲ ಈ ಭಂಡಾರ ಹಚ್ಚಗೋರಿ!"

"ಹೊರಗ ಹೋಗ್ತೀಯೋ ಇಲ್ಲೋ?"

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಹೊಲದಿಂದ ಹೊರಗೆ ಹೋಗು ಎಂದರೆ ಆದೀತೆ? ಬಾಳವ್ವ ಬುತ್ತಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಆಗಷ್ಟೇ ಎಣ್ಣೆ ಹೊಡೆದ ಮಣ್ಣಿನಲ್ಲಿ ಗಟ್ಟಿಯಾಗಿ ಕುಳಿತೇಬಿಟ್ಟಳು. "ಭಂಡಾರ ಹಚ್ಚಗೊಂಡ್ರ ಏಳತೇನಿ. ಇಲ್ಲಂದ್ರ ಇಲ್ಲೇ!" ಎಂದಳು.

ಮಾಲಿಂಗಪ್ಪ ಹಲ್ಲು ಕಡಿಯುತ್ತ ಅವಳ ತನಕ ಬಂದು, ಹಣೆ ಮುಂದೆ ಮಾಡಿ ಭಂಡಾರ ಹಚ್ಚಿಸಿಕೊಂಡು ತನ್ನ ಜಾಗಕ್ಕೆ ಮರಳಿದ. ಅರಿಷಿಣದ ಹಣೆ, ಮೂಗಿಗೆ ಟವೆಲ್, ಬೆನ್ನಿಗೆ ಪಂಪು. ಅಷ್ಟರಲ್ಲಿ ಬದುವಿನ ಮೂಲೆಯಲ್ಲಿ ಬೈಕು ನಿಂತಿತು. ಹಾಲಿನ ಡೇರಿ ನಡೆಸುವ ಶ್ರೀಶೈಲ ಫೋನು ಎತ್ತಿ ಹಿಡಿದಿದ್ದ.

"ಕಾಕಾ, ಒಂಚೂರು ಇತ್ಲಾಗ ನೋಡ್ರಿ. ಛಲೋ ಬರಾಕತ್ತೇತಿ!"

ನೋಡಿ, ಮನುಷ್ಯನಿಗೆ ಎಷ್ಟು ಅಂತ ತಾಳ್ಮೆ ಇರಬೇಕು? ಇವನ ಹೊಲ, ಇವನ ಎಣ್ಣೆ, ಇವನ ಬೆನ್ನು. ಊರಿಗೆ ಏನು ತ್ರಾಸು? ಮಾಲಿಂಗಪ್ಪ ಫೋನು ಕಸಿಯಲು ಓಡಿದ. ಶ್ರೀಶೈಲ ಜಾಣ, ಹೊಲಕ್ಕೆ ಇಳಿಯಲೇ ಇಲ್ಲ. ಬದುವಿನ ಮೇಲೆಯೇ ಆ ಮೂಲೆಯಿಂದ ಈ ಮೂಲೆಗೆ ಓಡಿದ. ಮಾಲಿಂಗಪ್ಪ ಅವನನ್ನು ಅಡ್ಡಗಟ್ಟಲು ಹೊಲದ ನಡುವೆ ಹಾಯ್ದ. ಶ್ರೀಶೈಲ ಮೂರನೆಯ ಮೂಲೆಗೆ ಹೋದ. ಮಾಲಿಂಗಪ್ಪ ಮತ್ತೆ ಅಡ್ಡ ಹಾಯ್ದ. ನಾಲ್ಕೂ ಮೂಲೆ ಮುಗಿಯುವ ಹೊತ್ತಿಗೆ ವೀಡಿಯೊ ಊರಿನ ವಾಟ್ಸಾಪ್ ಗುಂಪಿನಲ್ಲಿ ಓಡುತ್ತಿತ್ತು. ಅದನ್ನು ನೋಡಿದ ಅರ್ಧ ಊರು ಬದುವಿನ ಮೇಲೆ ಬಂದು ನಿಂತಿತ್ತು.

ಆ ಮಂದಿಯ ನಡುವೆ ಬೇರೆ ಹೊಲದ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಯಮನವ್ವನೂ ಅವಳ ಹನ್ನೊಂದು ಮಂದಿಯೂ ಇದ್ದರು. ಅವಳನ್ನು ನೋಡಿದ್ದೇ ಮಾಲಿಂಗಪ್ಪನ ರಕ್ತ ಕುದಿಯಿತು. "ಏ, ನೀ ಒಂದು ಹೆಜ್ಜಿ ಇಳದ್ರ ನೋಡು!" ಎಂದು ಅಲ್ಲಿಂದಲೇ ಕೂಗಿದ.

"ನಾ ಯಾಕ ಇಳೀಲಿ ಯಣ್ಣಾ? ಮೊಳಕಿ ಹೊರಗ ಬರೂತನಕ ಬಿತ್ತಿದ ಹೊಲಾ ತುಳೀಬಾರದು ಅಂತ ನಮ್ಮವ್ವ ಸಣ್ಣಕ್ಕಿದ್ದಾಗ ಕಲಿಸ್ಯಾಳ" ಎಂದು ಯಮನವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅಂತೂ ಹೊತ್ತು ಮುಳುಗುವುದಕ್ಕೂ ಕೊನೆಯ ಸಾಲು ಮುಗಿಯುವುದಕ್ಕೂ ಸರಿಹೋಯಿತು. ಮಾಲಿಂಗಪ್ಪ ಪಂಪು ಇಳಿಸಿ, ಬದುವಿನ ಮೇಲೆ ನಿಂತು, ಹುಟ್ಟದ ಕಸಕ್ಕೆ ಯಾಕೆ ಎಣ್ಣೆ ಹೊಡೆಯಬೇಕು, ಹಿಂದಕ್ಕೆ ಯಾಕೆ ನಡೆಯಬೇಕು ಎಂದು ಊರಿಗೆಲ್ಲ ಪಾಠ ಮಾಡಿದ. ಪಾಠ ಮುಗಿದ ಮೇಲೂ ಸಿಟ್ಟು ಮುಗಿಯಲಿಲ್ಲ.

"ಯಾರ್ಯಾರು ನನ್ನ ಹೊಲಾ ತುಳದಾರ, ಎಲ್ಲಾ ಲಕ್ಷ್ಯದಾಗ ಐತಿ! ನಾಳಿ ಕಸ ಎದ್ರ ನಾ ಯಾರ ಬಾಗಲಿಗೂ ಹೋಗಾಂಗಿಲ್ಲ. ಯಾರ ಹೆಜ್ಜಿಯಾಗ ಎದ್ದೈತೋ, ಅವರ ಬಂದು ಕೀಳಬೇಕು. ಅವರ ಬದಲಿ ಮತ್ತೊಬ್ಬರು ಕೈ ಹಚ್ಚಾಂಗಿಲ್ಲ. ಮಾಸ್ತರ, ನೀವ ಹೇಳ್ರಿ, ನ್ಯಾಯ ಐತೋ ಇಲ್ಲೋ?"

ಮಾಸ್ತರರು ಕನ್ನಡಕ ಒರೆಸಿಕೊಂಡರು. "ನ್ಯಾಯ ಐತಿ. ಯಾರ ಹೆಜ್ಜಿ, ಅವರ ಕಸ. ಊರ ಮಂದಿ ಮುಂದ ಆದ ಮಾತು, ಯಾರೂ ತಪ್ಪಬಾರದು." ದುಂಡಪ್ಪ ತಲೆ ತಗ್ಗಿಸಿದ. ಬಾಳವ್ವ ಮುಖ ತಿರುಗಿಸಿದಳು. ಮಾಲಿಂಗಪ್ಪನಿಗೆ ಅವತ್ತು ಬಹಳ ದಿನಗಳ ಮೇಲೆ ಊಟ ರುಚಿ ಹತ್ತಿತು.

ಇಪ್ಪತ್ತು ದಿನ ಕಳೆದವು. ಹೊಲ ಸಾರಿಸಿದ ಅಂಗಳದ ಹಾಗಿತ್ತು. ಶೇಂಗಾ ಸಾಲು ಹಿಡಿದು ಎದ್ದಿತ್ತು, ಸಾಲಿನ ನಡುವೆ ಹುಲ್ಲಿನ ಎಸಳೂ ಇರಲಿಲ್ಲ. ಕಾಲಿಟ್ಟ ಜಾಗಗಳಲ್ಲಿ ಮಾತ್ರ ಹೆಜ್ಜೆಯ ಆಕಾರದಲ್ಲಿಯೇ ಕಸ ದಟ್ಟವಾಗಿ ನಿಂತಿತ್ತು. ಬದುವಿನಿಂದ ನೋಡಿದರೆ ಯಾರೋ ಹಸಿರು ಬಣ್ಣ ಮೆಟ್ಟಿಕೊಂಡು ಹೊಲದ ತುಂಬ ಅಡ್ಡಾಡಿದಂತೆ ಕಾಣುತ್ತಿತ್ತು.

ಮಾಲಿಂಗಪ್ಪನಿಗೆ ಕಣ್ಣು ಕತ್ತಲಿಡುವಷ್ಟು ಸಿಟ್ಟು ಬಂತು. ಮನೆಮನೆಗೆ ಹೋಗಿ ಕರೆದ. "ಬರ್ರಿ, ಎಲ್ಲಾರೂ ಬರ್ರಿ! ನಿಮ್ಮ ನಿಮ್ಮ ಹೆಜ್ಜಿ ನೀವ ನೋಡಿ ಕೀಳ್ರಿ!" ಎಂದ. ಯಮನವ್ವನನ್ನು ಕರೆಯಲಿಲ್ಲ. ಅವಳು ಕರೆಯದೆಯೇ ಬಂದಳು, ಹನ್ನೊಂದು ಮಂದಿಯ ಸಮೇತ.

ಮಾಸ್ತರರು ಪಂಚನಾಮೆ ಶುರು ಮಾಡಿದರು. ಬದುವಿನ ಹತ್ತಿರದ ನಾಲ್ಕು ಅಗಲ ಹೆಜ್ಜೆಗಳು ದುಂಡಪ್ಪನವು. ಅವನು ಒಪ್ಪಿಕೊಂಡು ಎರಡೇ ನಿಮಿಷದಲ್ಲಿ ಕಿತ್ತು ಕೈ ಝಾಡಿಸಿದ. ನಡುವಿನ ಪರಾತದಷ್ಟು ದುಂಡನೆಯ ಕಸ, ಅದರ ತನಕ ಹೋದ ಸಣ್ಣ ಬರಿಗಾಲಿನ ಸಾಲು ಬಾಳವ್ವನವು. ಅವಳೂ ಗೊಣಗುತ್ತ ಕಿತ್ತಳು. ಶ್ರೀಶೈಲನ ಹೆಜ್ಜೆ ಒಂದೂ ಸಿಗಲಿಲ್ಲ.

ಆದರೂ ಹೊಲದಲ್ಲಿ ಮುಕ್ಕಾಲು ಕಸ ಹಾಗೆಯೇ ಇತ್ತು. ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ಆ ಮೂಲೆಗೆ, ಅಡ್ಡಡ್ಡ ಉದ್ದುದ್ದ ಹೆಜ್ಜೆಗಳು.

"ಇವು ಯಾರವು? ಯಾವ ದನಾ ಓಡ್ಯಾಡಿತ್ತು ನನ್ನ ಹೊಲದಾಗ? ಯಾವನಿದ್ರೂ ಬಿಡಾಂಗಿಲ್ಲ!" ಎಂದು ಮಾಲಿಂಗಪ್ಪ ಗರ್ಜಿಸಿದ.

ಬದುವಿನ ಮೇಲಿಂದ ಯಮನವ್ವ ಬಗ್ಗಿ ನೋಡಿದಳು. ಮೂವತ್ತು ವರ್ಷ ಕಸ ನೋಡಿದ ಕಣ್ಣು ಅವಳದು. "ಮಾಸ್ತರ್ರ, ಒಂದು ಹೆಜ್ಜಿಯಾಗ ಐದೂ ಬೆರಳು ಮೂಡ್ಯಾವ. ಅದರ ಮುಂದಿಂದು ಟಾಯರಿನ ಅಟ್ಟಿ. ಮತ್ತ ಬೆರಳು, ಮತ್ತ ಅಟ್ಟಿ. ಬಲಗಾಲು ಬರಿಗಾಲು, ಎಡಗಾಲಿಗೆ ಚಪ್ಪಲಿ. ಆವತ್ತು ಹಂಗ ಯಾರು ಓಡ್ಯಾಡಿದ್ರಿ?"

ಶ್ರೀಶೈಲ ಮೆಲ್ಲಗೆ ಫೋನು ತೆಗೆದು ವೀಡಿಯೊ ಹಚ್ಚಿದ. ಅರಿಷಿಣದ ಹಣೆಯ ಮಾಲಿಂಗಪ್ಪ ಒಂದೇ ಚಪ್ಪಲಿಯಲ್ಲಿ ಹೊಲದ ನಡುವೆ ನಾಗಾಲೋಟದಲ್ಲಿ ಹಾಯುತ್ತಿದ್ದ. "ತುಳೀಬ್ಯಾಡಾ! ತುಳೀಬ್ಯಾಡಾ!" ಎಂದು ಕೂಗುತ್ತಿದ್ದವನೂ ಅವನೇ.

"ಹೊಲಾ ನಂದು! ನಾ ತುಳದ್ರ ಅದಕ್ಕೇನಾತು?" ಎಂದ ಮಾಲಿಂಗಪ್ಪ, ಆದರೆ ದನಿ ಅರ್ಧಕ್ಕೆ ಇಳಿದಿತ್ತು.

"ಕಸಕ್ಕ ಮಾಲಕ ಯಾರು ಅಂತ ಗೊತ್ತಾಗಾಂಗಿಲ್ಲಪ್ಪಾ. ಯಾರ ಹೆಜ್ಜಿ, ಅವರ ಕಸ. ಬದಲಿ ಮತ್ತೊಬ್ಬರು ಕೈ ಹಚ್ಚಾಂಗಿಲ್ಲ. ಮಾತು ನಿಂದ" ಎಂದರು ಮಾಸ್ತರರು.

"ಕೀಳಾಕ ನನ್ನ ಹತ್ರ ಕುರ್ಪಿ ಎಲ್ಲೈತ್ರಿ?"

ಯಮನವ್ವ ಸೊಂಟದಿಂದ ತನ್ನ ಕುರ್ಪಿ ತೆಗೆದು ನಯವಾಗಿ ಕೈಗೆ ಕೊಟ್ಟಳು. ಮಾಲಿಂಗಪ್ಪ ಕುಕ್ಕುರುಗಾಲಲ್ಲಿ ಕುಳಿತು ಮೊದಲ ಹೆಜ್ಜೆಗೆ ಕುರ್ಪಿ ಹಾಕಿದ್ದೇ ತಡ, ದುಂಡಪ್ಪ ಎದ್ದುನಿಂತ. "ಕುರ್ಪಿ ಬಿತ್ತು! ಬಸ್ ಸ್ಟ್ಯಾಂಡಿನ್ಯಾಗ ಏನಂದಿದ್ದಿ, ನೆನಪೈತಿಲ್ಲೋ?"

ಅದನ್ನೂ ಮಾಡಬೇಕಾಯಿತು. ಬದುವಿನ ಕೆಳಗೆ ಮೂರು ಕಲ್ಲು ಹೂಡಿ, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಮಾಲಿಂಗಪ್ಪ ಹನ್ನೆರಡು ಮಂದಿಗೆ ಚಹಾ ಕಾಸಿದ. ಯಮನವ್ವನ ಕಪ್ಪನ್ನು ಸ್ವತಃ ಅವಳ ಕೈಯಲ್ಲಿಟ್ಟು, ಅವಳ ಮುಖ ನೋಡದೆ ಹೋಗಿ ಮತ್ತೆ ಕಸಕ್ಕೆ ಕುಳಿತ. ಹೆಂಗಸರೆಲ್ಲ ಬದುವಿನ ಮೇಲೆ ಕಾಲು ಇಳಿಬಿಟ್ಟು ಅವನ ಕೆಲಸವನ್ನೇ ನೋಡುತ್ತಿದ್ದರು.

ಯಮನವ್ವ ಒಂದು ಗುಟುಕು ಕುಡಿದು ನಾಲಿಗೆ ಚಪ್ಪರಿಸಿದಳು. "ಯಣ್ಣಾ, ಸಕ್ಕರಿ ಈ ಸಲ ಬರಾಬರಿ ಬಿದ್ದೈತಿ. ಖರೆ, ನಿನ್ನ ಹಿಂದ ಎರಡು ಕಸ ಬಿಟ್ಟೀ ನೋಡು. ಕೆಲಸಕ್ಕ ಬಂದೀಯೋ, ನಮ್ಮ ಚಹಾ ನೋಡಾಕ ಬಂದೀಯೋ?"

ಮಾಲಿಂಗಪ್ಪನ ಮೈಯೆಲ್ಲ ಉರಿದುಹೋಯಿತು. ಕುರ್ಪಿ ಎತ್ತಿಕೊಂಡು ಧಡಕ್ಕನೆ ಎದ್ದು ಅವಳ ಕಡೆಗೆ ಎರಡು ದಾಪುಗಾಲು ಹಾಕಿದ.

"ಅಣ್ಣಾ, ಹೆಜ್ಜೀ!" ಎಂದು ಹನ್ನೆರಡು ಹೆಂಗಸರೂ ಒಟ್ಟಿಗೆ ಕೂಗಿದರು.

ಮಾಲಿಂಗಪ್ಪ ಕಾಲು ಕೆಳಗೆ ನೋಡಿಕೊಂಡ. ಆಮೇಲೆ ಇಟ್ಟ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತ, ಮೆಲ್ಲಗೆ ಹಿಂದಹಿಂದಕ್ಕೆ ನಡೆದು ತನ್ನ ಜಾಗದಲ್ಲಿ ಕುಳಿತುಕೊಂಡ.