ಆಫ್ರಿಕಾಕ್ಕೊಂದು ಪಾತಾಳಗರಡಿ

ನಾನು ಓದು ನಿಲ್ಲಿಸಿದ್ದು ೧೯೬೨ನೇ ಇಸವಿಯಲ್ಲಿ, ಏಳನೇ ಕ್ಲಾಸಿನ ನಡುವೆ. ಅದಕ್ಕೆ ಕಾರಣ ಆಫ್ರಿಕಾ. ಭೂಗೋಳದ ಮೇಷ್ಟ್ರು ನನ್ನ ಕೈಗೆ ಬೆತ್ತ ಕೊಟ್ಟು, ನಕಾಶೆಯಲ್ಲಿ ಆಫ್ರಿಕಾ ತೋರಿಸು ಎಂದರು. ನಾನು ದಕ್ಷಿಣ ಅಮೆರಿಕಾ ತೋರಿಸಿದೆ. ಅವರು ಬೆತ್ತ ವಾಪಸು ಇಸಿದುಕೊಂಡರು. ಮುಂದಿನದನ್ನು ಬರೆಯುವುದಿಲ್ಲ. ಮಾರನೆಯ ದಿನವೇ ನಾನು ಅಜ್ಜಂಪುರದ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದೆ.

ಹಿಡಿದವನು ಬಿಡಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ನಾನು ಹೊಟ್ಟೆ ಬಿಚ್ಚಿ ನೋಡದ ಪಂಪೇ ಇಲ್ಲ! ಅದಕ್ಕಿಂತ ದೊಡ್ಡ ವಿದ್ಯೆ ನನ್ನದು ಮುಳುಗುವುದು. ಪಂಪಿನ ಪೈಪಿನ ತುದಿಗೆ ಫುಟ್‌ವಾಲ್ವ್ ಎಂಬ ಕಬ್ಬಿಣದ ಬುರುಡೆ ಇರುತ್ತದೆ. ಅದು ಕಳಚಿ ಬಾವಿಯ ತಳ ಸೇರಿದರೆ ಪಂಪು ನೀರಿನ ಬದಲು ಗಾಳಿ ಕುಡಿಯುತ್ತದೆ. ಯಗಟಿಯಿಂದ ಚೌಳಹಿರಿಯೂರಿನವರೆಗೆ ಯಾರ ಬಾವಿಯಲ್ಲಿ ಬುರುಡೆ ಬಿದ್ದರೂ ನನಗೇ ಕರೆ. ಮೂಗು ಹಿಡಿದು ದುಡುಮ್ಮನೆ ಧುಮುಕಿ, ಕೆಸರು ತಡಕಿ, ಬುರುಡೆಯನ್ನು ಎದೆಗವಚಿಕೊಂಡು ಮೇಲೆ ಬಂದು, ಜನ ನೋಡಲೆಂದು ಎರಡು ಸುತ್ತು ಈಜಿ, ಮೆಟ್ಟಿಲುಗಲ್ಲು ಹಿಡಿದು ಹತ್ತುತ್ತಿದ್ದೆ. ಮೇಲಿದ್ದವರು ಸಿಳ್ಳೆ ಹೊಡೆಯುತ್ತಿದ್ದರು. ಇಷ್ಟು ಸಿಳ್ಳೆ ಕೇಳಿದ ಮನುಷ್ಯನಿಗೆ ಕೊಂಚ ಜಂಬ ಬರುವುದು ನ್ಯಾಯ.

ಎಂಬತ್ತನಾಲ್ಕರಲ್ಲಿ ತರೀಕೆರೆಯ ಬೋರ್‌ವೆಲ್ ಗುತ್ತಿಗೆದಾರನೊಬ್ಬ ನನ್ನನ್ನು ಕರೆದು, "ಶಿವಲಿಂಗಪ್ಪ, ಜಾಂಬಿಯಾ ದೇಶದಾಗೆ ನಂಗೆ ಗೊತ್ತಿರೋ ಸೇಟ್ ಒಬ್ಬ ಅವ್ನೆ. ಪಂಪ್ ಮೆಕ್ಯಾನಿಕ್ ಬೇಕಂತೆ. ಹೋಗ್ತೀಯೇನಪ್ಪಾ?" ಎಂದ.

"ಅದು ಎಲ್ಲೈತೆ?"

"ಆಫ್ರಿಕಾದಾಗೆ."

ನನಗೆ ಮೈ ಜುಮ್ಮೆಂದಿತು. ನಕಾಶೆಯಲ್ಲಿ ಸಿಗದ ಆಫ್ರಿಕಾ ಮನೆ ಬಾಗಿಲಿಗೇ ಬಂದಿದೆ! ಆ ಮೇಷ್ಟ್ರು ಬದುಕಿದ್ದರೆ ಹೋಗಿ ಹೇಳಿಬರುತ್ತಿದ್ದೆ.

ಟ್ರಂಕು ತುಂಬುವಾಗಲೇ ಮೊದಲ ಜಗಳ. ನನ್ನ ಹೆಂಡತಿ ಗೌರಮ್ಮ ಯಗಟಿಯವಳು. ಅವಳು ಹಳೆ ಸೀರೆಯಲ್ಲಿ ಏನೋ ಸುತ್ತಿ ಟ್ರಂಕಿಗೆ ಇಳಿಸುತ್ತಿದ್ದಳು. ಬಿಚ್ಚಿ ನೋಡಿದರೆ ಪಾತಾಳಗರಡಿ! ಬಾವಿಗೆ ಬಿದ್ದ ಕೊಡ ತೆಗೆಯಲು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ಕೊಕ್ಕೆಗಳ ಗೊಂಚಲು. ಅವಳ ತವರಿನದು.

"ಇದ್ಯಾಕೇ?"

"ಕೊಡ ನೀರಿಗೆ ಬಿದ್ರೆ?"

"ಗೌರೀ, ನಾವು ಹೋಗ್ತಿರೋದು ಫಾರಿನ್‌ಗೆ ಕಣೇ!"

"ಫಾರಿನ್ ಕೊಡ ನೀರಾಗೆ ತೇಲ್ತದಾ?"

"ಬಿದ್ರೆ ಮುಳುಗಿ ತೆಗೆಯೋಕೆ ನಾನಿಲ್ವೇನೇ?"

ಅವಳು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತಳು. ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಗರಡಿಯನ್ನು ಎತ್ತಿ ಹಿಡಿದು, ಇದೇನು ಆಯುಧವೇ ಎಂದು ಕೇಳಿದ. ಗೌರಿ ಅವನ ಮೇಜಿನ ಕೆಳಗಿದ್ದ ಕಸದ ಬುಟ್ಟಿಯನ್ನು ಹಗ್ಗ ಬಿಟ್ಟು ಎತ್ತಿ ತೋರಿಸಿದಳು. ಆತ ಬುಟ್ಟಿಯನ್ನೂ ನಮ್ಮನ್ನೂ ನೋಡಿ, ಹೋಗಿ ಎಂದು ಕೈಮುಗಿದ.

ಜಾಂಬಿಯಾದ ಲುಸಾಕಾ ಪಟ್ಟಣದಲ್ಲಿದ್ದ ಸೇಟಿನ ವರ್ಕ್‌ಶಾಪಿನಲ್ಲಿ ನನಗಿಂತ ಮೊದಲೇ ಇನ್ನೊಬ್ಬ ಕನ್ನಡಿಗ ಕೂತಿದ್ದ. ಕಡೂರಿನ ಸದಾನಂದ. ಡಿಪ್ಲೊಮಾ ಮಾಡಿದವನು. ಅಂಗಿ ಜೇಬಿನಲ್ಲಿ ಎರಡು ಪೆನ್ನು. ಅಲ್ಲಿ ಹೆಡ್ ಮೆಕ್ಯಾನಿಕ್ ಹುದ್ದೆ ಖಾಲಿಯಿತ್ತು. ಹೆಡ್ ಆದವನಿಗೆ ಕ್ವಾರ್ಟರ್ಸು, ಬಾಗಿಲ ಮೇಲೆ ಹೆಸರಿನ ಬೋರ್ಡು. ಬೋರ್ಡು ಎಂದ ಕೂಡಲೇ ನನಗೆ ಆಸೆ ಹುಟ್ಟಿತು. ನನ್ನ ಹೆಸರನ್ನು ಯಾರೂ ಅದುವರೆಗೆ ಬಣ್ಣದಲ್ಲಿ ಬರೆದಿರಲಿಲ್ಲ.

ಒಂದು ದಿನ ಸೇಟು ನಮ್ಮಿಬ್ಬರನ್ನೂ ಕರೆದ. ಪಕ್ಕದ ಮಲಾವಿ ದೇಶದ ದೊಡ್ಡ ಸರೋವರದ ದಡದಲ್ಲಿ ಅವನದೊಂದು ಗೆಸ್ಟ್‌ಹೌಸ್. ಅದರ ಪಂಪಿನ ಫುಟ್‌ವಾಲ್ವ್ ಕಳಚಿ ಸರೋವರದ ತಳ ಸೇರಿದೆ, ಆ ಅಳತೆಯ ಹೊಸದು ಅಲ್ಲೂ ಇಲ್ಲೂ ಸಿಗುವುದಿಲ್ಲ ಎಂದ. ಸದಾನಂದ ಪೆನ್ನು ತೆಗೆದು ಲೆಕ್ಕ ಹಾಕಿ, ದೊಡ್ಡ ದೋಣಿ ಬೇಕು, ಕ್ರೇನು ಬೇಕು ಎಂದ. ನಾನು ಎದ್ದು ನಿಂತೆ.

"ಸೇಟ್‌ಜೀ, ನಾನೊಬ್ಬ ಸಾಕು!"

"ತೆಗೆದರೆ ನೀನೇ ಹೆಡ್" ಎಂದ ಸೇಟು ತನ್ನ ಹಿಂದಿಯಲ್ಲಿ.

ಹೊರಗೆ ಬಂದ ಮೇಲೆ ಸದಾನಂದ ಮೆಲ್ಲಗೆ, "ಬಾವಿ ಬೇರೆ, ಲೇಕ್ ಬೇರೆ ಕಣ್ರೀ ಶಿವಲಿಂಗಪ್ಪ" ಎಂದ.

"ನೀರು ನೀರೇ ಅಲ್ವಾ ಸಾರ್?" ಎಂದೆ ನಾನು. ಅಷ್ಟೇ ಅಲ್ಲ, ಅಂದೇ ಯಗಟಿಯ ಮಾವನಿಗೆ ಕಾಗದ ಬರೆದುಬಿಟ್ಟೆ: "ನಿಮ್ಮ ಅಳಿಯ ಹೆಡ್ ಮೆಕ್ಯಾನಿಕ್ ಆಗಿರುತ್ತಾನೆ." ಆಗುವವನು, ಆಗಿರುವವನು, ಎರಡಕ್ಕೂ ಎಷ್ಟು ವ್ಯತ್ಯಾಸ?

ಹೊರಟೆವು! ಲ್ಯಾಂಡ್‌ರೋವರ್ ಗಾಡಿ, ಡ್ರೈವರ್ ಫಿರಿ, ಪಕ್ಕದಲ್ಲಿ ನಾನು, ಹಿಂದೆ ಟ್ರಂಕಿನ ಮೇಲೆ ಗೌರಿ. ಫಿರಿ ಆ ಸೀಮೆಯವನೇ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದವು, ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು. ಅಯ್ಯಾ, ಏನು ರಸ್ತೆ, ಏನು ಆಕಾಶ! ನಮ್ಮ ಕಡೂರಿನ ಬಯಲನ್ನೇ ಯಾರೋ ನಾಲ್ಕೂ ಕಡೆ ಹಿಡಿದು ಎಳೆದು ಅಗಲ ಮಾಡಿದ ಹಾಗೆ. ನಾನು ಕಿಟಕಿಯಿಂದ ಅರ್ಧ ಹೊರಗೇ ಇದ್ದೆ.

ದಾರಿಯಲ್ಲಿ ಲುವಾಂಗ್ವಾ ಕಣಿವೆಯ ಕಾಡಿನ ಕ್ಯಾಂಪೊಂದರಲ್ಲಿ ಕೈಪಂಪು ರಿಪೇರಿಯಿತ್ತು. ಕಾಡು ಹೊಕ್ಕ ಕೂಡಲೇ ದೂರದಲ್ಲಿ ಮರಗಳ ಮೇಲಿಂದ ಕಂಬಗಳು ಕಂಡವು.

"ನೋಡೇ, ಕಾಡೊಳಗೂ ಕರೆಂಟು! ನಮ್ಮ ಯಗಟಿಗೆ ಬರೋಕೆ ಎಷ್ಟು ವರ್ಷ ಆಯ್ತು!"

"ಕಂಬ ನಡೀತೈತೆ ಕಣ್ರೀ" ಎಂದಳು ಗೌರಿ.

ಜಿರಾಫೆ! ಒಂದಲ್ಲ, ಇಡೀ ಲೈನು! ಗೌರಿ ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಕ್ಕೆ. ತುಸು ತಡವಾಗಿ.

ಮುಂದೆ ರಸ್ತೆಗೆ ಅಡ್ಡಲಾಗಿ ಆನೆ. ಫಿರಿ ಇಂಜಿನ್ ನಿಲ್ಲಿಸಿ, ಬಾಯಿಗೆ ಬೆರಳಿಟ್ಟು ಕೂತ. ನನಗೆ ತಡೆಯಲಾಗಲಿಲ್ಲ. ನಮ್ಮಲ್ಲಿ ಕಡೂರು ತರೀಕೆರೆ ರಸ್ತೆಯಲ್ಲಿ ಕುರಿ, ಎಮ್ಮೆ, ಮದುವೆ ದಿಬ್ಬಣ, ಯಾವುದು ಅಡ್ಡ ಬಂದರೂ ಮದ್ದು ಒಂದೇ. ಕೈ ಚಾಚಿ ಹಾರನ್ ಒತ್ತಿದೆ.

ಪೋಂಯ್!

ಆನೆ ತಿರುಗಿತು. ಕಿವಿ ಬಿಚ್ಚಿತು. ಅವು ಕಿವಿಗಳಲ್ಲ, ಅಕ್ಕಿ ಗಿರಣಿಯ ಬಾಗಿಲುಗಳು! ಫಿರಿ ರಿವರ್ಸ್ ಗೇರಿನಲ್ಲಿ ಗಾಡಿ ಓಡಿಸಿದ ವೇಗವನ್ನು ನಾನು ಮುಂದಕ್ಕೆ ಹೋಗುವ ಯಾವ ಬಸ್ಸಿನಲ್ಲೂ ಕಂಡಿಲ್ಲ. ಆನೆಗೆ ಬೇಜಾರಾಗಿ ನಿಂತಿತು. ಫಿರಿ ನನ್ನ ಎರಡೂ ಕೈಗಳನ್ನು ತೆಗೆದು ನನ್ನ ತೊಡೆಯ ಮೇಲಿಟ್ಟು, "ಮಿಸ್ಟರ್, ಹ್ಯಾಂಡ್ಸ್ ಹಿಯರ್" ಎಂದ.

"ಫಿರಿ ಮೇಷ್ಟ್ರು ಹೇಳಿದ ಹಂಗೆ ಕೈಕಟ್ಟಿ ಕೂತ್ಕಳ್ರೀ" ಎಂದಳು ಗೌರಿ ಹಿಂದಿನಿಂದ.

ಸಂಜೆ ಹೊಳೆಯ ದಡದಲ್ಲಿ ಗಾಡಿ ನಿಂತಿತು. ನೀರಿನ ನಡುವೆ ನುಣ್ಣನೆಯ ಕರಿ ಬಂಡೆಗಳು. "ಬಟ್ಟೆ ಒಗೆಯೋಕೆ ಎಂಥಾ ಬಂಡೆ ನೋಡೇ ಗೌರೀ!" ಎಂದು ಇಳಿಯಲು ಕಾಲೆತ್ತಿದೆ. ಬಂಡೆಯೊಂದು ಆಕಳಿಸಿತು. ಆ ಬಾಯೊಳಗೆ ನಮ್ಮ ಟ್ರಂಕು ಆರಾಮಾಗಿ ಹಿಡಿಸುತ್ತಿತ್ತು! ಫಿರಿ ನನ್ನ ಕಾಲರ್ ಹಿಡಿದು ಒಳಗೆಳೆದು, "ಮ್ವೂ! ಮ್ವೂ!" ಎಂದ. ಅವರ ಭಾಷೆಯಲ್ಲಿ ನೀರುಕುದುರೆ. ಅಂದೇ ನಾನೊಂದು ಪ್ರತಿಜ್ಞೆ ಮಾಡಿದೆ: ಈ ದೇಶದಲ್ಲಿ ನೀರೊಳಗಿನ ಯಾವ ಬಂಡೆಯನ್ನೂ ನಂಬಬಾರದು. ಈ ಪ್ರತಿಜ್ಞೆಯನ್ನು ದಯವಿಟ್ಟು ನೆನಪಿಡಿ.

ಅಂತೂ ಸರೋವರ ಬಂತು. ಸರೋವರವೆಂದರೆ ನಾನು ನಮ್ಮ ಊರ ಕೆರೆಗಿಂತ ಕೊಂಚ ದೊಡ್ಡದು ಎಂದುಕೊಂಡಿದ್ದೆ. ಆಚೆ ದಡವೇ ಇಲ್ಲ! ಅಲೆ ಬೇರೆ ಏಳುತ್ತಿದೆ.

"ಇದ್ರಾಗೆ ಮುಳುಗ್ತೀರಾ?" ಎಂದಳು ಗೌರಿ.

"ನೀರು ನೀರೇ ಕಣೇ" ಎಂದೆ. ಈ ಸಲ ಧ್ವನಿ ಸಣ್ಣದಿತ್ತು.

ಸೇಟು ಮೊದಲೇ ಕಾರಿನಲ್ಲಿ ಬಂದು, ದಡದಲ್ಲಿ ಕುರ್ಚಿ ಹಾಕಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕೂತಿದ್ದ. ಪಕ್ಕದಲ್ಲೇ ನೀರಿಗಿಳಿದು ಮೀನು ನೋಡುವ ಪರದೇಶದವರಿಗೆ ಸಾಮಾನು ಬಾಡಿಗೆ ಕೊಡುವ ಒಬ್ಬ ಗಡ್ಡದ ಸಾಹೇಬ. ಅವನು ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರ್ ತಂದ.

"ಒಲೆ ಹಚ್ಚೋಕಾ?" ಎಂದು ಕೇಳಿ ನಾನು ವಾಪಸು ಕಳಿಸಿದೆ. ಗಾಜಿನ ಮುಖವಾಡ ಮತ್ತು ಕಾಲಿಗೆ ಹಾಕುವ ರಬ್ಬರ್ ರೆಕ್ಕೆಗಳನ್ನು ಮಾತ್ರ ಇಟ್ಟುಕೊಂಡೆ, ನೋಡಲು ಭರ್ಜರಿಯಾಗಿದ್ದವು ಎಂದು. ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟವನು ಸೇಟಿನ ಕಾಲ ಬಳಿ ಸಾಷ್ಟಾಂಗ ಬಿದ್ದೆ. ಸೇಟು ಅದನ್ನು ಗೌರವವೆಂದು ತಿಳಿದು ಆಶೀರ್ವಾದ ಮಾಡಿದ.

ನೀರಿನ ಮೇಲೆ ಚಾಚಿದ್ದ, ಪಂಪಿನ ಪೈಪು ಇಳಿಬಿಟ್ಟಿದ್ದ ಮರದ ಅಟ್ಟಣೆಯ ತುದಿಗೆ ಹೋಗಿ ಮೂಗು ಹಿಡಿದು ಹಾರಿದೆ. ದುಡುಮ್!

ಇಲ್ಲಿ ಒಂದು ನಿಜ ಹೇಳಬೇಕು. ನಾನು ಹುಟ್ಟಿದಾಗಿನಿಂದ ನೀರೊಳಗೆ ಕಣ್ಣು ಬಿಟ್ಟು ಕಂಡಿದ್ದು ಕೆಸರು. ಮುಖವಾಡದ ಗಾಜಿನಾಚೆ ಈಗ ಕಂಡಿದ್ದು ಬೇರೆ ಲೋಕ. ನೀಲಿ ಮೀನು, ಹಳದಿ ಮೀನು, ಪಟ್ಟೆ ಮೀನು, ನೂರಾರು! ರೇಷ್ಮೆ ಅಂಗಡಿಯವನು ಸೀರೆಗಳನ್ನೆಲ್ಲ ಒಂದೇ ಸಲ ಬಿಚ್ಚಿ ಹರವಿದ ಹಾಗೆ. ಒಂದು ಪುಟ್ಟ ನೀಲಿ ಮೀನು ಬಂದು ಗಾಜಿಗೆ ಮೂತಿಯಿಟ್ಟು ನನ್ನ ಕಣ್ಣೊಳಗೇ ನೋಡಿತು. ನಾನು ಅದನ್ನು ನೋಡಿದೆ. ಅದು ಹೋದ ಕಡೆ ನಾನೂ ಹೋದೆ. ಕ್ವಾರ್ಟರ್ಸು, ಬೋರ್ಡು, ಫುಟ್‌ವಾಲ್ವ್ ಯಾವುದೂ ತಲೆಯಲ್ಲಿಲ್ಲ!

ಉಸಿರು ಮುಗಿದಾಗ ನೆನಪಾಯಿತು. ಮೇಲೆ ಬಂದೆ. ಮೆಟ್ಟಿಲುಗಲ್ಲಿಗೆ ಕೈ ಚಾಚಿದೆ.

ಕಲ್ಲಿಲ್ಲ!

ಆಗ ನನಗೆ ಜ್ಞಾನೋದಯವಾಯಿತು. ನಾನು ಈಜಿದ್ದೆಲ್ಲ ಬಾವಿಯಲ್ಲಿ. ಬಾವಿ ದುಂಡಗೆ. ಯಾವ ಕಡೆ ಕೈ ಚಾಚಿದರೂ ಗೋಡೆ. ನನ್ನ ಕೈಕಾಲಿಗೆ ಬರುತ್ತಿದ್ದುದು ದುಂಡಗೆ ಈಜುವುದೊಂದೇ! ದಡ ಕಣ್ಣೆದುರು ಕಾಣುತ್ತಿದೆ, ಅತ್ತ ಹೊರಡುತ್ತೇನೆ, ಮೈ ತಾನಾಗಿ ಎಡಕ್ಕೆ ವಾಲುತ್ತದೆ, ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತೇನೆ. ಅಲೆಗೆ ಒಂದು ರೆಕ್ಕೆ ಕಳಚಿಹೋಯಿತು. ಉಳಿದೊಂದು ರೆಕ್ಕೆ ನನ್ನನ್ನು ಇನ್ನೂ ಚೆನ್ನಾಗಿ ಸುತ್ತಿಸಿತು!

ದಡದಲ್ಲಿ ಚಪ್ಪಾಳೆ. ಇದು ಭಾರತದ ಈಜಿನ ಕಲೆಯೆಂದು ಸಾಹೇಬ ತಿಳಿದನಂತೆ. ಗೌರಿಗೆ ಮಾತ್ರ ಗೊತ್ತಾಯಿತು.

"ರೀ! ಗಾಣದೆತ್ತಿನಂಗೆ ಯಾಕ್ರೀ ಸುತ್ತುತಿದೀರಾ? ಇತ್ಲಾಗೆ ಬರ್ರೀ!"

"ಬರ್ತಾ ಇಲ್ಲ ಕಣೇ!"

"ಬಲಗಡೆ ಬಂಡೆ ಐತೆ, ಹಿಡ್ಕಳ್ರೀ!"

ತಿರುಗಿದೆ. ಹೌದು, ಕೈಯಳತೆಯಲ್ಲೇ ಒಂದು ಕರಿ ಬಂಡೆ. ನುಣ್ಣಗಿದೆ. ನನ್ನ ಪ್ರತಿಜ್ಞೆ ನೆನಪಾಯಿತು. ಬಂಡೆಯ ಮೇಲೆ ಕಪ್ಪನೆಯದೇನೋ ಅಲ್ಲಾಡಿತು.

"ಮ್ವೂ! ಮ್ವೂ! ಕಿವಿ ಅಲ್ಲಾಡಿಸ್ತೈತೆ ಕಣೇ!"

"ಅದು ಹಕ್ಕಿ ಕಣ್ರೀ! ಬಂಡೆ ಮ್ಯಾಲೆ ಹಕ್ಕಿ ಕೂತೈತೆ!"

ನಂಬುವವನು ನಾನಲ್ಲ. ಸುತ್ತಮುತ್ತ ಇದ್ದ ಒಂದೇ ಒಂದು ಆಸರೆಯಿಂದ ಪ್ರಾಣಭಯದಲ್ಲಿ ದೂರ ಓಡಿದೆ. ಓಡಿದೆ ಎಂದರೆ ಇನ್ನೊಂದು ಸುತ್ತು ಹಾಕಿ ಮತ್ತೆ ಅದರ ಮುಂದೆಯೇ ಬಂದೆ! ಮತ್ತೆ ಕಿರುಚಿದೆ. ಬಾಯಿಗೆ ನೀರು ನುಗ್ಗಿತು. ಕೈಕಾಲು ಸೋತವು. ಇನ್ನು ತಮಾಷೆಯಲ್ಲ ಎಂದು ಚಪ್ಪಾಳೆಯೂ ನಿಂತಿತು.

ಅಷ್ಟರಲ್ಲಿ ಬೆಸ್ತರ ಒಂಟಿಮರದ ದೋಣಿಯೊಂದು ಹತ್ತಿರ ಬಂತು. ಹುಟ್ಟು ಹಾಕುತ್ತಿದ್ದವನು ಫಿರಿ. ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತವಳು ಗೌರಿ. ಅವಳ ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ, ನೀವು ಊಹಿಸಿದ್ದೇ, ಪಾತಾಳಗರಡಿ!

"ಅಲ್ಲಾಡ್ಬೇಡ್ರೀ!" ಎಂದು ಬೀಸಿ ಎಸೆದಳು. ಕೊಕ್ಕೆಯೊಂದು ಹೋಗಿ ನನ್ನ ಬೆಳ್ಳಿ ಉಡುದಾರಕ್ಕೆ ಸಿಕ್ಕಿತು. ಮದುವೆಯಲ್ಲಿ ಅವಳ ಅಪ್ಪನೇ ಮಾಡಿಸಿಕೊಟ್ಟದ್ದು, ಗಟ್ಟಿ ಮಾಲು. ಸೊಂಟ ಮೇಲೆ, ತಲೆ ಕೆಳಗೆ, ಮುಳುಗಿದ ತಾಮ್ರದ ಕೊಡದಂತೆ ಬುಳುಬುಳು ಎನ್ನುತ್ತ ನಾನು ದೋಣಿಗೆ ಬಂದೆ.

"ಸೋರ್ತೈತೆ" ಎಂದಳು ಗೌರಿ, ನನ್ನ ಬಾಯಿ ಮೂಗಿನಿಂದ ಬರುತ್ತಿದ್ದ ನೀರು ನೋಡಿ. ನನ್ನ ತಲೆಯನ್ನು ಸೆರಗಿನಿಂದ ಒರೆಸಿ, ಒರೆಸಿ, ಮತ್ತೆ ಒರೆಸಿದಳು. ಆಮೇಲೆ ಕೇಳಿದಳು: "ಆ ಬುರುಡೆ ಎಲ್ಲೈತೆ?"

"ನೋಡ್ಲಿಲ್ಲ."

"ಅಷ್ಟೊತ್ತು ತಳದಾಗೆ ಏನ್ಮಾಡ್ತಿದ್ರಿ?"

"ಮೀನು ನೋಡ್ತಿದ್ದೆ ಕಣೇ. ನೀಲಿದು."

ಅವಳು ಅಟ್ಟಣೆಯ ಬಳಿ ದೋಣಿ ನಿಲ್ಲಿಸಿ, ಪೈಪಿನ ಬುಡದಲ್ಲಿ ಗರಡಿ ಇಳಿಬಿಟ್ಟು, ಯಗಟಿಯ ಬಾವಿಕಟ್ಟೆಯಲ್ಲಿ ಮಾಡುವಂತೆ ಮೆಲ್ಲಗೆ ಅತ್ತಿತ್ತ ಆಡಿಸಿದಳು. ಠಣ್ ಎಂದಿತು. ಎಳೆದಳು. ಫುಟ್‌ವಾಲ್ವ್!

ಸೇಟು ಕುರ್ಚಿಯಿಂದ ಎದ್ದು ಓಡಿ ಬಂದ. ನನ್ನನ್ನು ದಾಟಿಕೊಂಡು ಹೋಗಿ ಗರಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಈ ಯಂತ್ರವನ್ನು ನನಗೆ ಮಾರು ಎಂದ. ನಾನು ಅದನ್ನು ಗೌರಿಗೆ ಕನ್ನಡದಲ್ಲಿ ಹೇಳಿದೆ.

"ಮಾರಕ್ಕಿಲ್ಲ ಅಂತ ಹೇಳ್ರೀ. ಬೇಕಾದ್ರೆ ಎರವು ಒಯ್ಲಿ. ಒಂದು ಪಾತ್ರೆ ಅಡ ಇಡ್ಬೇಕು."

ಊರಿನ ಪದ್ಧತಿ ಅದೇ. ಗರಡಿ ಎರವು ಬೇಕಾದವರು ಚೊಂಬೋ ತಪ್ಪಲೆಯೋ ಇಟ್ಟು ಒಯ್ಯಬೇಕು. ಹಲವು ವರ್ಕ್‌ಶಾಪುಗಳ ಒಡೆಯನಾದ ಸೇಟು ಅತ್ತಿತ್ತ ನೋಡಿ, ಚಹಾದ ಫ್ಲಾಸ್ಕನ್ನು ತಂದು ಗೌರಿಯ ಕೈಗಿಟ್ಟ.

"ಮತ್ತೆ ಹೆಡ್ ಮೆಕ್ಯಾನಿಕ್ ಕೆಲಸ?" ಎಂದು ನಾನು ಕೆಮ್ಮುತ್ತ ಕೇಳಿದೆ.

"ಬುರುಡೆ ತೆಗೆದವರಿಗೆ ಎಂದಿದ್ದೆ. ಬಾಯಿಯವರು ಒಪ್ಪಿದರೆ ಅವರಿಗೇ ಕೊಡುತ್ತೇನೆ."

ಬಾಯಿಯವರು, ಎಂದರೆ ಗೌರಿ, ಒಪ್ಪಲಿಲ್ಲ. ಸದಾನಂದ ಹೆಡ್ ಆದ. ಅವನು ಪಾತಾಳಗರಡಿಯ ಡ್ರಾಯಿಂಗ್ ಬರೆದ. ಅದನ್ನು ನೋಡಿ ಕಬ್ಬಿಣ ಬಗ್ಗಿಸಿ ಗರಡಿ ಮಾಡುವ ಕೆಲಸ ನನಗೆ ಬಂತು. ಒಪ್ಪಂದ ಮುಗಿಯುವವರೆಗೆ ಅದನ್ನೇ ಮಾಡಿದೆ. ಚೆನ್ನಾಗಿಯೇ ಮಾಡಿದೆ, ಆ ಮಾತು ಬೇರೆ.

ವಾಪಸು ಬಂದು ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದರೆ ಮಾವ ಹಾರ ಹಿಡಿದು ನಿಂತಿದ್ದಾರೆ, ಹಿಂದೆ ಅರ್ಧ ಯಗಟಿ! ನನ್ನ ಕಾಗದವನ್ನು ಊರಿಗೆಲ್ಲ ಓದಿಸಿದ್ದರಂತೆ. "ಹೆಡ್ ಮೆಕ್ಯಾನಿಕ್ ಬಂದ್ರು, ದಾರಿ ಬಿಡ್ರಪ್ಪಾ!" ಎಂದರು. ನಾನು ಕತ್ತು ಬಗ್ಗಿಸಿದೆ. ಗೌರಿ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಮಾವ ಒಂದು ಗಳಿಗೆ ನನ್ನನ್ನು ನೋಡಿ, ಹಾರವನ್ನು ಮಗಳಿಗೆ ಹಾಕಿದರು.

ಈಗ ನನ್ನ ಬಳಿ ಇರುವುದು ಇಷ್ಟು: ಪಂಪ್ ರಿಪೇರಿ ಅಂಗಡಿ ಒಂದು. ಅದರ ಮೇಲೆ ನನ್ನ ಹೆಸರಿನ ಬೋರ್ಡು ಒಂದು, ನಾನೇ ಬರೆಸಿದ್ದು. ಅಂಗಡಿಯ ಗೋಡೆಗೆ ರಬ್ಬರ್ ರೆಕ್ಕೆ ಒಂದು, ಅದರ ಜೋಡಿ ಸರೋವರದಲ್ಲಿದೆ. ಫ್ಲಾಸ್ಕು ಒಂದು, ಗರಡಿ ಹಿಂದಿರುಗಿಸಿದಾಗ ಸೇಟು ಬಿಡಿಸಿಕೊಳ್ಳಲು ಮರೆತದ್ದು. ಸೊಟ್ಟಗಾದ ಉಡುದಾರ ಒಂದು. ಪಾತಾಳಗರಡಿ ಒಂದು. ಅದರ ಖಾತೆ ಹೆಂಡತಿಯ ಹೆಸರಿಗಿದೆ.